ಎರಡು ಸಮೀಕರಣ ಇದ್ದರೂ "ಸಾಲದು", ಒಂದೇ ಇದ್ದರೂ "ಸಾಕು": ಕೀ ಉತ್ತರ ತಲೆಗೆ ಹೋಗ್ತಿಲ್ಲ

ಕೂಡು_ಕಳೆ (ಪ್ರಶ್ನೆ)

ಬ್ಯಾಂಕ್ ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಯ ಡೇಟಾ ಸಫಿಷಿಯನ್ಸಿ ಪ್ರಶ್ನೆಗಳ ಬಗ್ಗೆ ಕೇಳುತ್ತಿದ್ದೇನೆ. ಇವುಗಳಲ್ಲಿ ಉತ್ತರ ಎಷ್ಟು ಅಂತಲ್ಲ, ಉತ್ತರ ಹೇಳಲು ಕೊಟ್ಟ ಎರಡು ಹೇಳಿಕೆಗಳಲ್ಲಿ ಯಾವುದು ಸಾಕು ಅಂತ ಗುರುತಿಸಬೇಕು. "ಎರಡು ಚರಾಕ್ಷರಕ್ಕೆ ಎರಡು ಸಮೀಕರಣ, ಮೂರಕ್ಕೆ ಮೂರು" ಅನ್ನೋ ನಿಯಮ ಹಿಡಿದು ಹೋದರೆ ಕೆಳಗಿನ ನಾಲ್ಕಕ್ಕೆ ನಾಲ್ಕೂ ತಪ್ಪಾಗುತ್ತಿವೆ. ಲೆಕ್ಕ ಬಿಡಿಸೋದು ಗೊತ್ತು. ಪೂರ್ತಿ ಬಿಡಿಸದೆ ಸಾಕು ಅಥವಾ ಸಾಲದು ಅಂತ ಹೇಳೋದು ಹೇಗೆ, ಅದು ಬೇಕು.

ಲೆಕ್ಕ 1. ಪೆನ್ನಿಗೆ 17 ರೂ., ನೋಟ್‌ಬುಕ್‌ಗೆ 23 ರೂ. ಕೊಂಡ ಪೆನ್ನುಗಳೆಷ್ಟು?
ಹೇಳಿಕೆ 1: ಬಿಲ್ಲು 143 ರೂ. ಹೇಳಿಕೆ 2: ಪೆನ್ನು, ನೋಟ್‌ಬುಕ್ ಸೇರಿ 7.
ಕೀ: ಹೇಳಿಕೆ 1 ಒಂದೇ ಸಾಕು.

ಲೆಕ್ಕ 2. ಒಂದು ತೆಂಗಿನಕಾಯಿಯ ಬೆಲೆ ಎಷ್ಟು?
ಹೇಳಿಕೆ 1: 4 ಕಾಯಿ, 6 ನಿಂಬೆಹಣ್ಣಿಗೆ ಒಟ್ಟು 150 ರೂ. ಹೇಳಿಕೆ 2: 10 ಕಾಯಿಯ ಬೆಲೆ 375 ರೂಪಾಯಿಗಿಂತ 15 ನಿಂಬೆಹಣ್ಣಿನ ಬೆಲೆಯಷ್ಟು ಕಡಿಮೆ.
ಕೀ: ಎರಡೂ ಸೇರಿದರೂ ಸಾಲದು.

ಲೆಕ್ಕ 3. ಒಂದು ಇಡ್ಲಿ, ಒಂದು ವಡೆ, ಒಂದು ಕಾಫಿಗೆ ಒಟ್ಟು ಎಷ್ಟು?
ಹೇಳಿಕೆ 1: 2 ಇಡ್ಲಿ, 3 ವಡೆ, 4 ಕಾಫಿಗೆ 205 ರೂ. ಹೇಳಿಕೆ 2: 3 ಇಡ್ಲಿ, 5 ವಡೆ, 7 ಕಾಫಿಗೆ 340 ರೂ.
ಕೀ: ಎರಡೂ ಸೇರಿದರೆ ಸಾಕು.

ಲೆಕ್ಕ 4. ಚ ಎಷ್ಟು? (ಎಕ್ಸ್, ವೈ ಬದಲು ಕ, ಚ ಅಂತ ಬರೆದಿದ್ದೇನೆ.)
ಹೇಳಿಕೆ 1: ಕ × ಚ = 3 × ಕ. ಹೇಳಿಕೆ 2: ಕ² − 5ಕ + 6 = 0.
ಕೀ: ಎರಡೂ ಸೇರಿದರೆ ಸಾಕು.

ನಾಲ್ಕನೆಯದರಲ್ಲಿ ಎರಡೂ ಕಡೆಯ ಕ ಹೊಡೆದು ಹಾಕಿದರೆ ಚ = 3 ಬಂತಲ್ಲ? ಎರಡನೇ ಹೇಳಿಕೆಯಲ್ಲಿ ಚ ಇಲ್ಲವೇ ಇಲ್ಲ, ಅದು ಯಾತಕ್ಕೆ ಬೇಕು?

ಶೇಷ_ಸೊನ್ನೆ

ಸಮೀಕರಣ ಎಣಿಸೋದನ್ನು ಮೊದಲು ಬಿಡಿ. ಅದರ ಬದಲು ಪ್ರತಿ ಸಲ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕೊಟ್ಟ ಮಾಹಿತಿಗೆ ಪೂರ್ತಿ ಹೊಂದುವ, ಆದರೆ ಕೇಳಿದ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುವ ಎರಡು ಉದಾಹರಣೆ ಕಟ್ಟಲು ಆಗುತ್ತದೆಯೇ? ಎರಡು ಸಿಕ್ಕವೋ, ಮಾಹಿತಿ ಸಾಲದು, ಅಲ್ಲಿಗೆ ಮುಗಿಯಿತು. ಸಿಗದಿದ್ದರೆ ಮಾತ್ರ ಸ್ವಲ್ಪ ಹುಷಾರು. "ಹುಡುಕಿದೆ, ಸಿಗಲಿಲ್ಲ" ಅನ್ನೋದು ಸಾಬೀತಲ್ಲ. ಯಾಕೆ ಸಿಗುವುದಿಲ್ಲ ಅನ್ನೋದಕ್ಕೆ ಒಂದು ಸಾಲಿನ ಕಾರಣ ಇರಬೇಕು.

ಲೆಕ್ಕ 2ರಿಂದ ಶುರು ಮಾಡೋಣ, ಅದು ಸುಲಭ. ಕಾಯಿ ತ, ನಿಂಬೆ ನ ಇರಲಿ. ಹೇಳಿಕೆ 1: 4ತ + 6ನ = 150. ಎರಡರಿಂದ ಭಾಗಿಸಿ: 2ತ + 3ನ = 75. ಹೇಳಿಕೆ 2: 10ತ = 375 − 15ನ. ನಿಂಬೆಯನ್ನು ಎಡಕ್ಕೆ ತಂದು ಐದರಿಂದ ಭಾಗಿಸಿ: 2ತ + 3ನ = 75. ಅದೇ ಸಮೀಕರಣ, ಅಂಗಿ ಮಾತ್ರ ಬೇರೆ. ಕಾಯಿ 30, ನಿಂಬೆ 5 ಹಾಕಿ ನೋಡಿ, ಎರಡೂ ಹೇಳಿಕೆ ಸರಿ. ಕಾಯಿ 33, ನಿಂಬೆ 3 ಹಾಕಿ, ಆಗಲೂ ಎರಡೂ ಸರಿ. ಕಾಯಿಯ ಬೆಲೆಗೆ ಎರಡು ಉತ್ತರ ಬಂದವು, ಹಾಗಾಗಿ ಸಾಲದು.

ಹತ್ತನೇ ತರಗತಿಯಲ್ಲಿ ಸಹಗುಣಕಗಳ ಅನುಪಾತ ಹೋಲಿಸೋದು ಕಲಿತಿರುತ್ತೀರಲ್ಲ, ಅದೇ ಇದು: 4/10, 6/15, 150/375 ಮೂರೂ 2/5. ಮೊದಲ ಎರಡು ಅನುಪಾತ ಬೇರೆಯಾಗಿದ್ದರೆ ಒಂದೇ ಪರಿಹಾರ. ಆದರೆ ಹೋಲಿಸುವ ಮುಂಚೆ ಎರಡನ್ನೂ ಒಂದೇ ಸಾಲಿಗೆ ತರಬೇಕು: ಚರಾಕ್ಷರಗಳು ಎಡಕ್ಕೆ, ಒಂದೇ ಕ್ರಮದಲ್ಲಿ, ಬರೀ ಸಂಖ್ಯೆ ಬಲಕ್ಕೆ. ಪ್ರಶ್ನೆ ಬರೆಯುವವರು ಒಂದನ್ನು "ಸೇರಿ" ಅಂತಲೂ ಇನ್ನೊಂದನ್ನು "ಕಡಿಮೆ" ಅಂತಲೂ ಬರೆಯೋದು ನೀವು ಕಣ್ಣಂದಾಜಿನಲ್ಲಿ ಮುಂದೆ ಹೋಗಲಿ ಅಂತಲೇ.

ಇದೇ ಜಾತಿಯ ಇನ್ನೆರಡು ವೇಷ. ವಯಸ್ಸಿನ ಲೆಕ್ಕದಲ್ಲಿ "ಅಪ್ಪ ಮಗನಿಗಿಂತ 24 ವರ್ಷ ದೊಡ್ಡವರು" ಒಂದು ಹೇಳಿಕೆ, "5 ವರ್ಷದ ಹಿಂದೆ ಇಬ್ಬರ ವಯಸ್ಸಿನ ವ್ಯತ್ಯಾಸ 24" ಇನ್ನೊಂದು. ವ್ಯತ್ಯಾಸ ಎಂದಿಗೂ ಬದಲಾಗದು, ಹಾಗಾಗಿ ಎರಡನೆಯದು ಹೊಸದೇನೂ ಹೇಳಲಿಲ್ಲ. ಹಾಗೆಯೇ "ಇಬ್ಬರ ಸಂಬಳದ ಅನುಪಾತ 3:5" ಮತ್ತು "ಮೊದಲನೆಯವರದು ಎರಡನೆಯವರ ಶೇ. 60". ಅನುಪಾತ, ಶೇಕಡಾ ಎಷ್ಟು ರಾಶಿ ಹಾಕಿದರೂ ಒಂದಾದರೂ ರೂಪಾಯಿ ಅಂಕಿ ಸಿಗದೆ ಸಂಬಳ ಎಷ್ಟು ಅಂತ ಬರುವುದಿಲ್ಲ.

ಲೆಕ್ಕ 1 ಇದಕ್ಕೆ ಉಲ್ಟಾ. ಪೆನ್ನು ಪ, ನೋಟ್‌ಬುಕ್ ನ ಅಂದರೆ ಸಮೀಕರಣ ಒಂದೇ, 17ಪ + 23ನ = 143. ಆದರೆ ಬಾಯಿಬಿಟ್ಟು ಹೇಳದ ಮಾಹಿತಿಯೊಂದಿದೆ: ಪೆನ್ನು ಅರ್ಧ ಕೊಳ್ಳಲಾಗದು. 143ರಿಂದ 23, 23 ಕಳೆಯುತ್ತಾ ಹೋಗಿ: 143, 120, 97, 74, 51, 28, 5. ಇದರಲ್ಲಿ 17ರಿಂದ ಭಾಗವಾಗುವುದು 51 ಒಂದೇ. ಅಂದರೆ 4 ನೋಟ್‌ಬುಕ್, 3 ಪೆನ್ನು, ಬೇರೆ ದಾರಿಯಿಲ್ಲ. ಹೇಳಿಕೆ 2 ಬೇಕಾಗಲೇ ಇಲ್ಲ. ಇದೇ ಲೆಕ್ಕ 17 ರೂ. ಕೆಜಿ, 23 ರೂ. ಕೆಜಿ ಎಂದು ಎರಡು ತರಕಾರಿಯ ಬಗ್ಗೆ ಇದ್ದಿದ್ದರೆ ಹೇಳಿಕೆ 1 ಸಾಲುತ್ತಿರಲಿಲ್ಲ, ಯಾಕೆಂದರೆ ತೂಕ ಎಷ್ಟು ಬೇಕಾದರೂ ಇರಬಹುದು. "ಎಷ್ಟು ಪೆನ್ನು" ಅಂತ ಕೇಳಿದ್ದಾರಾ, "ಎಷ್ಟು ಕೆಜಿ" ಅಂತ ಕೇಳಿದ್ದಾರಾ ಅನ್ನೋದರ ಮೇಲೆ ಉತ್ತರವೇ ಬದಲಾಗುತ್ತೆ.

ಗುಣಲಬ್ಧ

ಶೇಷ_ಸೊನ್ನೆಯವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಪರೀಕ್ಷೆಯಲ್ಲಿ ಏಳೆಂಟು ಸಲ ಕಳೆಯಲು ಹೊತ್ತಿಲ್ಲದಿದ್ದರೆ ಇದನ್ನು ನೋಡಿ: ಎರಡು ಬೆಲೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದಿದ್ದು, ಬಿಲ್ಲಿನ ಮೊತ್ತ ಆ ಬೆಲೆಗಳ ಗುಣಲಬ್ಧಕ್ಕಿಂತ ಕಡಿಮೆಯಿದ್ದರೆ ಪೂರ್ಣಸಂಖ್ಯೆಯ ಉತ್ತರ ಹೆಚ್ಚೆಂದರೆ ಒಂದು. 17 × 23 = 391, ಬಿಲ್ಲು 143. ಬಿಲ್ಲು ನಿಜವಾದದ್ದು ಅಂದಮೇಲೆ ಒಂದು ಉತ್ತರ ಇದ್ದೇ ಇರುತ್ತೆ, ಹಾಗಾಗಿ ಅದೊಂದೇ.

ಕಾರಣ: ಒಂದು ಉತ್ತರದಿಂದ ಇನ್ನೊಂದಕ್ಕೆ ಹೋಗಬೇಕಾದರೆ 23 ಪೆನ್ನು ಸೇರಿಸಿ 17 ನೋಟ್‌ಬುಕ್ ತೆಗೆಯಬೇಕು, ಅಥವಾ ಇದರ ತಿರುವುಮುರುವು. ಅದಕ್ಕಿಂತ ಚಿಕ್ಕ ಹೆಜ್ಜೆಯಲ್ಲಿ ಮೊತ್ತ ಸರಿಹೋಗದು. 23 ಪೆನ್ನಿಗೇ 391 ರೂ. ಆಗುತ್ತೆ, 143ರ ಬಿಲ್ಲಿನಲ್ಲಿ ಅದು ಕೂರುವುದಿಲ್ಲ.

ಬೆಲೆಗಳಿಗೆ ಸಾಮಾನ್ಯ ಅಪವರ್ತನ ಇದ್ದರೆ ಮೊದಲು ಅದರಿಂದ ಭಾಗಿಸಿಯೇ ಈ ಪರೀಕ್ಷೆ ಮಾಡಬೇಕು. ಪೆನ್ನು 20, ನೋಟ್‌ಬುಕ್ 30, ಬಿಲ್ಲು 130 ಅಂತಿಟ್ಟುಕೊಳ್ಳಿ. 20 × 30 = 600, ಬಿಲ್ಲು ಅದಕ್ಕಿಂತ ಕಮ್ಮಿ, ಆದ್ದರಿಂದ ಸಾಕು ಅಂದರೆ ಎಡವಿದಿರಿ. ಹತ್ತರಿಂದ ಭಾಗಿಸಿದರೆ 2ಪ + 3ನ = 13, ಗುಣಲಬ್ಧ ಬರೀ 6. ಪೆನ್ನು 5, ನೋಟ್‌ಬುಕ್ 1 ಆಗಬಹುದು. ಪೆನ್ನು 2, ನೋಟ್‌ಬುಕ್ 3 ಕೂಡ ಆಗಬಹುದು. ಇಲ್ಲಿ "ಒಟ್ಟು 5 ವಸ್ತು" ಅನ್ನೋ ಎರಡನೇ ಹೇಳಿಕೆ ನಿಜಕ್ಕೂ ಬೇಕು. ಪ್ರಶ್ನೆಯ ಮಾತು ಅಕ್ಷರಶಃ ಒಂದೇ, ಅಂಕಿ ಬದಲಾದದ್ದಕ್ಕೆ ಕೀ ಬದಲಾಯಿತು. ಬಿಲ್ಲು ಗುಣಲಬ್ಧಕ್ಕಿಂತ ದೊಡ್ಡದಿದ್ದರೂ ಕೆಲವೊಮ್ಮೆ ಒಂದೇ ಉತ್ತರ ಬರುತ್ತದೆ. ಆಗ ಕೂತು ಎಣಿಸದೆ ಗತಿಯಿಲ್ಲ.

ಹಸಿರು_ಇಂಕು

ಲೆಕ್ಕದ ಹೊರಗಿನ ಮಾತು, ಆದರೆ ಅಂಕ ಹೋಗೋದು ಇಲ್ಲೂ. ಆಯ್ಕೆಗಳ ಕ್ರಮ ಎಲ್ಲ ಪರೀಕ್ಷೆಯಲ್ಲೂ ಒಂದೇ ಅಲ್ಲ. ಜಿಮ್ಯಾಟ್‌ನಲ್ಲಿ (ಎಂಬಿಎ ಪ್ರವೇಶ ಪರೀಕ್ಷೆ) ಸಿ ಅಂದರೆ "ಎರಡೂ ಸೇರಿದರೆ ಸಾಕು", ಡಿ ಅಂದರೆ "ಯಾವುದಾದರೂ ಒಂದೇ ಸಾಕು", ಇ ಅಂದರೆ "ಸೇರಿದರೂ ಸಾಲದು". ಬ್ಯಾಂಕ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸಿ ಅಂದರೆ "ಯಾವುದಾದರೂ ಒಂದೇ ಸಾಕು", ಡಿ ಅಂದರೆ "ಸೇರಿದರೂ ಸಾಲದು", ಇ ಅಂದರೆ "ಎರಡೂ ಬೇಕು". ಜಿಮ್ಯಾಟ್ ಪುಸ್ತಕದಿಂದ ಅಭ್ಯಾಸ ಮಾಡಿ ಬ್ಯಾಂಕ್ ಪರೀಕ್ಷೆಗೆ ಕೂತರೆ ಸರಿಯಾಗಿ ಯೋಚಿಸಿಯೂ ತಪ್ಪು ಗುರುತು ಬೀಳುತ್ತೆ, ಮೇಲೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಸಿಸ್ಯಾಟ್‌ನಲ್ಲಿ (ಯುಪಿಎಸ್‌ಸಿ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ) ಆಯ್ಕೆ ನಾಲ್ಕೇ, ತಪ್ಪಿಗೆ ಕಡಿತ ಆ ಪ್ರಶ್ನೆಯ ಅಂಕದ ಮೂರನೇ ಒಂದು. ಪ್ರಶ್ನೆಯ ಮೇಲಿನ ಸೂಚನೆ ಪ್ರತಿ ಸಲ ಓದಿ.

ಇನ್ನೊಂದು. ಎರಡನೇ ಹೇಳಿಕೆ ನೋಡುವಾಗ ಮೊದಲನೆಯದನ್ನು ಕೈಯಲ್ಲಿ ಮುಚ್ಚಿಕೊಳ್ಳಿ, ಉತ್ಪ್ರೇಕ್ಷೆಯಲ್ಲ. ಮೊದಲನೆಯದರಿಂದ ತಿಳಿದದ್ದು ತಲೆಯಲ್ಲಿ ಉಳಿದು ಎರಡನೆಯದಕ್ಕೆ ಅಂಟಿಕೊಳ್ಳುತ್ತೆ. ಆಗ "2 ಒಂದೇ ಸಾಕು" ಅನಿಸುತ್ತೆ, ನಿಜವಾಗಿ ಬೇಕಿರೋದು ಎರಡೂ.

ಕೂಡು_ಕಳೆ

ಒಂದು, ಎರಡು ಅರ್ಥವಾಯಿತು, ಧನ್ಯವಾದ. ಮೂರರಲ್ಲಿ ಇಡ್ಲಿ, ವಡೆ, ಕಾಫಿ ಮೂರು ಬೆಲೆ ಗೊತ್ತಿಲ್ಲ, ಸಮೀಕರಣ ಎರಡೇ. ಬೆಲೆಗಳು ಪೂರ್ಣ ರೂಪಾಯಿಯಲ್ಲೇ ಇರಬೇಕು ಅಂತಲೂ ಹೇಳಿಲ್ಲ. ಹಾಗಿದ್ದರೂ ಸಾಕು ಹೇಗೆ?

ಶೇಷ_ಸೊನ್ನೆ

ಕೇಳಿರೋದು ಇಡ್ಲಿಯ ಬೆಲೆಯಲ್ಲ, ಮೂರರ ಮೊತ್ತ. ಒಂದೊಂದರ ಬೆಲೆ ಗೊತ್ತಾಗದೆಯೂ ಮೊತ್ತ ಗೊತ್ತಾಗಬಹುದು.

ಮೊದಲ ಹೇಳಿಕೆಯನ್ನು ಎರಡು ಪಟ್ಟು ಮಾಡಿ: 4 ಇಡ್ಲಿ, 6 ವಡೆ, 8 ಕಾಫಿಗೆ 410. ಅದರಿಂದ ಎರಡನೆಯದನ್ನು ಕಳೆಯಿರಿ: 3 ಇಡ್ಲಿ, 5 ವಡೆ, 7 ಕಾಫಿಗೆ 340. ಉಳಿದದ್ದು 1 ಇಡ್ಲಿ, 1 ವಡೆ, 1 ಕಾಫಿ, 70 ರೂ.

ಒಂದೊಂದರ ಬೆಲೆ ಮಾತ್ರ ಇಲ್ಲಿಂದ ಬರುವುದೇ ಇಲ್ಲ. ಇಡ್ಲಿ 20, ವಡೆ 35, ಕಾಫಿ 15 ಹಾಕಿ ನೋಡಿ: 40 + 105 + 60 = 205, ಮತ್ತು 60 + 175 + 105 = 340. ಈಗ ಇಡ್ಲಿ 21, ವಡೆ 33, ಕಾಫಿ 16 ಹಾಕಿ: 42 + 99 + 64 = 205, 63 + 165 + 112 = 340. ಎರಡೂ ಸಲ ಬಿಲ್ಲು ಸರಿ, ಇಡ್ಲಿ ಮಾತ್ರ ಬೇರೆ. ಹಾಗಾಗಿ ಇದೇ ಎರಡು ಹೇಳಿಕೆ ಕೊಟ್ಟು "ಇಡ್ಲಿಯ ಬೆಲೆ ಎಷ್ಟು" ಅಂತ ಕೇಳಿದ್ದರೆ ಉತ್ತರ "ಸಾಲದು". ಮೊತ್ತ ಎರಡೂ ಸಲ 70, ಅದಕ್ಕೇ ಮೊತ್ತ ಕೇಳಿದರೆ "ಸಾಕು".

ಪ್ರಶ್ನೆಯಲ್ಲಿ ಮೊತ್ತ, ವ್ಯತ್ಯಾಸ, ಸರಾಸರಿ ಕೇಳಿದ್ದು ಕಂಡ ಕೂಡಲೇ ಹೀಗೆ ನೋಡಿ: ಮೊದಲನೆಯದನ್ನು ಎಷ್ಟರಿಂದ, ಎರಡನೆಯದನ್ನು ಎಷ್ಟರಿಂದ ಗುಣಿಸಿ ಸೇರಿಸಿದರೆ ಕೇಳಿದ ಆಕಾರ ಬರುತ್ತದೆ? ಇಡ್ಲಿ, ವಡೆಯ ಸಹಗುಣಕಗಳಿಂದ ಆ ಎರಡು ಸಂಖ್ಯೆ ಸಿಗುತ್ತವೆ (ಇಲ್ಲಿ 2 ಮತ್ತು −1). ಅವು ಕಾಫಿಗೂ ಹೊಂದಬೇಕು. 2 × 4 − 7 = 1, ಹೊಂದಿತು. ಎರಡನೇ ಹೇಳಿಕೆಯಲ್ಲಿ ಕಾಫಿ 7ರ ಬದಲು 6 ಇದ್ದಿದ್ದರೆ 2 × 4 − 6 = 2 ಬರುತ್ತಿತ್ತು, ಆಗ ಒಟ್ಟು ಬಿಲ್ಲು ಎಷ್ಟೇ ಕೊಟ್ಟರೂ ಸಾಲದು. ಬಲಗಡೆಯ 205, 340 ನೋಡುವ ಅಗತ್ಯವೇ ಇಲ್ಲ ಅನ್ನೋದನ್ನು ಗಮನಿಸಿ. ನಿಮಗೆ ಬೇಕಿದ್ದದ್ದು ಇದೇ ತಾನೆ, ಬಿಡಿಸದೆ ತೀರ್ಮಾನ.

ಮೂಲ_ಹುಡುಕಾಟ

ನಾಲ್ಕನೆಯದು ನನಗೆ ಬಿಡಿ 🙂

ಕ ಹೊಡೆದು ಹಾಕಿದೆ ಅಂದಿರಲ್ಲ, ಅಂದರೆ ಕ ಇಂದ ಭಾಗಿಸಿದಿರಿ. ಕ ಸೊನ್ನೆಯಾಗಿದ್ದರೆ? ಆಗ ಎಡಕ್ಕೂ 0, ಬಲಕ್ಕೂ 0, ಚ 3 ಇರಲಿ 300 ಇರಲಿ ಹೇಳಿಕೆ 1 ಸರಿಯೇ. ಚರಾಕ್ಷರ ಹೊಡೆಯುವ ಬದಲು ಎಲ್ಲವನ್ನೂ ಒಂದೇ ಕಡೆ ತಂದು ಅಪವರ್ತಿಸಿ: ಕ × (ಚ − 3) = 0. ಒಂದೋ ಕ = 0, ಇಲ್ಲವೋ ಚ = 3. ಎರಡು ದಾರಿ ಉಳಿದಿವೆ, ಆದ್ದರಿಂದ 1 ಒಂದೇ ಸಾಲದು.

ಈಗ ಹೇಳಿಕೆ 2: ಕ² − 5ಕ + 6 = 0, ಅಂದರೆ ಕ 2 ಅಥವಾ 3. ಯಾವುದು ಅಂತ ಗೊತ್ತಾಗಲಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಎರಡೂ ಸೊನ್ನೆಯಲ್ಲ, ಅಷ್ಟು ಸಾಕು. ಮೊದಲನೆಯದರ "ಕ = 0" ದಾರಿ ಮುಚ್ಚಿತು, ಚ = 3 ಉಳಿಯಿತು. ಚ ಅಕ್ಷರವೇ ಇಲ್ಲದ ಹೇಳಿಕೆ ಚ ಕಂಡುಹಿಡಿಯಲು ಬೇಕಾದದ್ದು ಹೀಗೆ.

ವರ್ಗ ಸಮೀಕರಣ ಬಂದಾಗ ಜನ ಎರಡು ಕಡೆಗೂ ಜಾರುತ್ತಾರೆ. ಎರಡು ಮೂಲ ಇದೆ ಅಂತ ಕಣ್ಣುಮುಚ್ಚಿ "ಸಾಲದು" ಅನ್ನೋದು ಒಂದು. ಕ² − 10ಕ + 25 = 0ರ ಶೋಧಕ 100 − 100 = 0, ಮೂಲ 5 ಒಂದೇ, ಸಾಕು. "ಒಬ್ಬರ ವಯಸ್ಸು ಕ, ಕ² − ಕ − 56 = 0" ಅಂದರೆ ಮೂಲಗಳು 8 ಮತ್ತು −7; ವಯಸ್ಸು ಋಣಾತ್ಮಕ ಆಗದು, ಸಾಕು. ಅದೇ ಸಮೀಕರಣ ಕೊಟ್ಟು "ಕ ಒಂದು ಪೂರ್ಣಾಂಕ" ಅಂದರೆ −7 ಕೂಡ ಪೂರ್ಣಾಂಕವೇ, ಸಾಲದು. "ಸ್ವಾಭಾವಿಕ ಸಂಖ್ಯೆ" ಅಂದರೆ ಮತ್ತೆ ಸಾಕು. ಈ ಒಂದು ಪದ ಓದದೆ ಹೋಗೋದೇ ಹೆಚ್ಚು. ಇನ್ನು ಒಂದು ಹೇಳಿಕೆ ಕ 2 ಅಥವಾ 3 ಅನ್ನುತ್ತೆ, ಇನ್ನೊಂದು (ಕ² − 7ಕ + 12 = 0) 3 ಅಥವಾ 4 ಅನ್ನುತ್ತೆ. ಬಿಡಿಬಿಡಿಯಾಗಿ ಯಾವುದೂ ಸಾಲದು, ಸೇರಿದರೆ ಎರಡರಲ್ಲೂ ಇರುವ 3 ಒಂದೇ.

ಮತ್ತೊಂದು ಜಾರುವ ಕಡೆ ಹೌದು-ಅಲ್ಲ ಪ್ರಶ್ನೆ. "ಕ ಧನಾತ್ಮಕವೇ?" ಅಂತ ಕೇಳಿ, ಹೇಳಿಕೆ 1 ಕ³ = −27 ಅಂದರೆ ಉತ್ತರ ಖಚಿತವಾಗಿ "ಅಲ್ಲ". ಖಚಿತ "ಅಲ್ಲ" ಸಿಕ್ಕರೂ ಮಾಹಿತಿ ಸಾಕು ಅಂತಲೇ ಅರ್ಥ. "ಅಲ್ಲ"ವನ್ನೂ "ಸಾಲದು"ವನ್ನೂ ಒಂದೇ ಅಂದುಕೊಂಡರೆ ಕೆಟ್ಟಿರಿ. ಹಾಗೆಯೇ "ಕ 1ಕ್ಕಿಂತ ದೊಡ್ಡದೇ?" ಅನ್ನೋ ಪ್ರಶ್ನೆಗೆ ಕ 2 ಅಥವಾ 3 ಅನ್ನೋದು ಧಾರಾಳ ಸಾಕು. ಬೆಲೆ ಎರಡು, ಉತ್ತರ ಒಂದೇ.

ಬಯಲುಸೀಮೆ

ಎರಡು ಸಮೀಕರಣಕ್ಕೆ ನಾಲ್ಕು ಚರಾಕ್ಷರ ಇರುವ ಹಳೇ ಲೆಕ್ಕವೊಂದು ನಮ್ಮಲ್ಲೇ ಇದೆ, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. ಅಮೋಘವರ್ಷ ನೃಪತುಂಗನ ಕಾಲದ, 9ನೇ ಶತಮಾನದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿದೆ: 3 ಪಣಕ್ಕೆ (ಪಣ ಅಂದರೆ ಆಗಿನ ನಾಣ್ಯ) 5 ಪಾರಿವಾಳ, 5 ಪಣಕ್ಕೆ 7 ಸಾರಸ, 7 ಪಣಕ್ಕೆ 9 ಹಂಸ, 9 ಪಣಕ್ಕೆ 3 ನವಿಲು. 100 ಪಣಕ್ಕೆ 100 ಹಕ್ಕಿ ತರಬೇಕು.

ಹಕ್ಕಿಗಳನ್ನು ಗುಂಪಿನ ಲೆಕ್ಕದಲ್ಲೇ ಕೊಳ್ಳಬೇಕು, ನಾಲ್ಕೂ ಜಾತಿ ಇರಬೇಕು ಅಂತಿಟ್ಟುಕೊಂಡರೆ ಆರೇ ಉತ್ತರ. ಪಾರಿವಾಳ, ಸಾರಸ, ಹಂಸ, ನವಿಲು ಈ ಕ್ರಮದಲ್ಲಿ:

55, 21, 9, 15
60, 7, 18, 15
5, 56, 27, 12
10, 42, 36, 12
15, 28, 45, 12
20, 14, 54, 12

ಈಗ ಇದನ್ನೇ ಡೇಟಾ ಸಫಿಷಿಯನ್ಸಿ ಮಾಡಿ. ಪ್ರಶ್ನೆ: ಪಾರಿವಾಳ ಎಷ್ಟು? ಹೇಳಿಕೆ 1: ನವಿಲು 12. ಹೇಳಿಕೆ 2: ಹಂಸ 36. ನವಿಲು 12 ಇರುವ ಸಾಲು ನಾಲ್ಕಿವೆ, ಹಾಗಾಗಿ 1 ಸಾಲದು. ಹಂಸದ ಕಂಬದಲ್ಲಿ ಒಂದು ಸಂಖ್ಯೆ ಎರಡು ಸಲ ಬಂದಿಲ್ಲ, ಹಾಗಾಗಿ 2 ಒಂದೇ ಸಾಕು. ಪಾರಿವಾಳ, ಸಾರಸದ ಕಂಬಗಳೂ ಹಂಸದ ಹಾಗೆಯೇ. ನವಿಲಿನ ಸಂಖ್ಯೆ ಮಾತ್ರ ಎಷ್ಟು ಹೇಳಿದರೂ ಉಳಿದವು ಗೊತ್ತಾಗವು, 15 ಅಂದರೆ ಎರಡು ಸಾಲು, 12 ಅಂದರೆ ನಾಲ್ಕು. ಒಂದೇ ತೂಕದ ಮಾಹಿತಿಯಂತೆ ಕಾಣುವ ಎರಡು ಹೇಳಿಕೆಯಲ್ಲಿ ಒಂದು ಸಾಕು, ಇನ್ನೊಂದು ಸಾಲದು.

ಗುಂಪಿನ ಷರತ್ತು ತೆಗೆದು ಬಿಡಿ ಹಕ್ಕಿಯನ್ನೂ ಅದೇ ದರದಲ್ಲಿ ಕೊಳ್ಳಬಹುದು ಅಂದರೆ ಉತ್ತರಗಳು ಇನ್ನೂ ಹೆಚ್ಚುತ್ತವೆ, ಮೇಲಿನ ತೀರ್ಮಾನವನ್ನು ಮತ್ತೆ ಪರೀಕ್ಷಿಸಬೇಕಾಗುತ್ತೆ.

ಕೂಡು_ಕಳೆ

ಹಾಗಾದರೆ ಇದು ಸರಿಯೇ ನೋಡಿ. ಪ್ರಶ್ನೆ: ಕ > ಚ ಹೌದೇ? ಹೇಳಿಕೆ 1: ಕ/ಚ > 1. ಹೇಳಿಕೆ 2: ಕ + ಚ > 0. ಮೊದಲನೆಯದನ್ನು ಚ ಇಂದ ಗುಣಿಸಿದರೆ ಕ > ಚ ಬಂತು. ಇಲ್ಲಿ ನಾನು ಭಾಗಿಸಿಲ್ಲ, ಚ ಛೇದದಲ್ಲಿ ಇರೋದರಿಂದ ಸೊನ್ನೆಯೂ ಅಲ್ಲ. ಆದ್ದರಿಂದ 1 ಒಂದೇ ಸಾಕು?

ಮೂಲ_ಹುಡುಕಾಟ

ಸೊನ್ನೆಯಿಂದ ತಪ್ಪಿಸಿಕೊಂಡಿರಿ, ಚಿಹ್ನೆಗೆ ಸಿಕ್ಕಿಬಿದ್ದಿರಿ. ಅಸಮತೆಯನ್ನು ಋಣಾತ್ಮಕ ಸಂಖ್ಯೆಯಿಂದ ಗುಣಿಸಿದರೆ > ತಿರುಗಿ < ಆಗುತ್ತೆ, ಚ ಧನವೋ ಋಣವೋ ನಿಮಗೆ ಗೊತ್ತಿಲ್ಲ. ಕ = 6, ಚ = 4 ಹಾಕಿ: ಭಾಗಲಬ್ಧ 1.5, ಕ ದೊಡ್ಡದು. ಕ = −6, ಚ = −4 ಹಾಕಿ: ಭಾಗಲಬ್ಧ ಅದೇ 1.5, ಈಗ ಕ ಚಿಕ್ಕದು. 1 ಸಾಲದು.

2 ಒಂದನ್ನೇ ನೋಡಿ: 3, 1 ಆದರೂ ಮೊತ್ತ 4, 1, 3 ಆದರೂ 4. ಅದೂ ಸಾಲದು.

ಸೇರಿಸಿ: ಭಾಗಲಬ್ಧ 1ಕ್ಕಿಂತ ದೊಡ್ಡದು ಅಂದರೆ ಎರಡರ ಚಿಹ್ನೆ ಒಂದೇ. ಮೊತ್ತ ಧನಾತ್ಮಕ ಅಂದರೆ ಆ ಚಿಹ್ನೆ ಧನ. ಈಗ ಚ ಇಂದ ಧೈರ್ಯವಾಗಿ ಗುಣಿಸಬಹುದು, ಕ > ಚ. ಎರಡೂ ಬೇಕು, ನಿಮ್ಮ ಬ್ಯಾಂಕ್ ಪರೀಕ್ಷೆಯ ಕ್ರಮದಲ್ಲಿ ಇ.

ಕೂಡು_ಕಳೆ

ಸರಿ, −6 ಮತ್ತು −4 ಹಾಕಿ ನೋಡಲೇ ಇಲ್ಲ. ಇನ್ನು ಮೇಲೆ ಅಸಮತೆ ಕಂಡರೆ ಒಂದು ಧನ ಜೋಡಿ, ಒಂದು ಋಣ ಜೋಡಿ, ಒಂದು ಭಿನ್ನರಾಶಿ ಹಾಕಿಯೇ ಮುಂದೆ ಹೋಗ್ತೀನಿ. ಹಕ್ಕಿ ಲೆಕ್ಕದಲ್ಲಿ ಗುಂಪಿನ ಷರತ್ತು ತೆಗೆದರೆ ಹಂಸದ ಸಂಖ್ಯೆ ಒಂದೇ ಸಾಕಾಗುತ್ತದೆಯೇ ಅಂತ ಈಗ ಎಣಿಸುತ್ತಿದ್ದೇನೆ.